ವಿಮಾನ ನಿಲ್ಲಿಸಿದರೆ ರೋಗ ನಿಲ್ಲುತ್ತಾ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಬ್ಬ ನಿವೃತ್ತ ಮೇಷ್ಟ್ರು. ಕೋವಿಡ್ ಮುಗಿದು ಇಷ್ಟು ದಿನವಾದರೂ ಒಂದು ಅನುಮಾನ ಹೋಗಿಲ್ಲ. ಯಾವುದೋ ದೇಶದಲ್ಲಿ ಹೊಸ ರೋಗ ಕಾಣಿಸಿತು ಅಂದ ತಕ್ಷಣ ಅಲ್ಲಿಂದ ಬರುವ ವಿಮಾನಗಳನ್ನು ನಿಲ್ಲಿಸಿಬಿಟ್ಟರೆ ಮುಗೀತಲ್ವಾ? ಅದು ಬಿಟ್ಟು ಜಿನೀವಾದಲ್ಲಿ ಕೂತು ವರ್ಷಗಟ್ಟಲೆ ಒಪ್ಪಂದ ಬರೆಯುವುದರಿಂದ ಏನು ಸಿಗುತ್ತದೆ? ಹೊಸ ಒಪ್ಪಂದ ಬಂದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯೇ ನಮ್ಮೂರಿಗೆ ಲಾಕ್‌ಡೌನ್ ಹಾಕಬಹುದು ಅಂತ ವಾಟ್ಸಾಪ್‌ನಲ್ಲಿ ಓದಿದೆ, ನಿಜವೇ? ಇನ್ನೊಂದು ಸಣ್ಣ ಪ್ರಶ್ನೆ. ನನ್ನ ಮಗ ಕೆಲಸದ ಮೇಲೆ ಉಗಾಂಡಾಕ್ಕೆ ಹೊರಟಿದ್ದಾನೆ. ಏನು ಜಾಗ್ರತೆ ಬೇಕು?

ಉತ್ತರ: ಮೇಷ್ಟ್ರೇ, ದೂರದ ದೇಶ ಬೇಡ, ಬೆಂಗಳೂರಿನಿಂದಲೇ ಶುರು ಮಾಡೋಣ.

2021ರ ಡಿಸೆಂಬರ್ 2ರಂದು ಒಂದು ಸುದ್ದಿ ಬಂತು. ಕೋವಿಡ್‌ನ ಹೊಸ ತಳಿ ಒಮೈಕ್ರಾನಿನ ಮೊದಲ ಎರಡು ಕೇಸುಗಳು ಭಾರತದಲ್ಲಿ ಸಿಕ್ಕಿವೆ, ಎರಡೂ ಬೆಂಗಳೂರಿನಲ್ಲಿ. ಒಬ್ಬರು ದಕ್ಷಿಣ ಆಫ್ರಿಕಾದಿಂದ ಬಂದಿದ್ದ 66 ವರ್ಷದ ಪ್ರಯಾಣಿಕರು. ಇನ್ನೊಬ್ಬರು ಇಲ್ಲಿಯವರೇ, 46 ವರ್ಷದ ಡಾಕ್ಟರು. ಆ ಡಾಕ್ಟರು ಯಾವ ದೇಶಕ್ಕೂ ಹೋಗಿ ಬಂದಿರಲಿಲ್ಲ.

ಈಗ ತಾರೀಕುಗಳನ್ನು ನೋಡಿ. ಪ್ರಯಾಣಿಕರ ಸ್ಯಾಂಪಲ್ ತೆಗೆದದ್ದು ನವೆಂಬರ್ 20ಕ್ಕೆ. ಡಾಕ್ಟರದ್ದು 22ಕ್ಕೆ. ಹೊಸ ತಳಿಯೊಂದು ಕಾಣಿಸಿಕೊಂಡಿದೆ ಅಂತ ದಕ್ಷಿಣ ಆಫ್ರಿಕಾ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಿದ್ದು 24ಕ್ಕೆ, ಬಹಿರಂಗವಾಗಿ ಹೇಳಿದ್ದು 25ಕ್ಕೆ. ಅಂದರೆ ಸುದ್ದಿ ಹೊರಡುವ ಮೊದಲೇ ವೈರಸ್ ಬೆಂಗಳೂರಿಗೆ ಬಂದಾಗಿತ್ತು. ಬಂದದ್ದಷ್ಟೇ ಅಲ್ಲ, ಎಲ್ಲೂ ಹೋಗದೆ ಇದ್ದವರಿಗೂ ಹತ್ತಿಕೊಂಡಾಗಿತ್ತು. ನೆದರ್‌ಲ್ಯಾಂಡ್ಸ್‌ನಲ್ಲೂ ಅದೇ ಕಥೆ. ಅವರು ಆಮೇಲೆ ಹಳೇ ಸ್ಯಾಂಪಲ್‌ಗಳನ್ನು ತೆಗೆದು ನೋಡಿದರೆ ನವೆಂಬರ್ 19ರದ್ದರಲ್ಲೇ ಒಮೈಕ್ರಾನ್ ಇತ್ತು.

ಹಾಗಾದರೆ ನೀವೇ ಹೇಳಿ, ಯಾವ ದಿನ ಯಾವ ವಿಮಾನ ನಿಲ್ಲಿಸಬೇಕಿತ್ತು?

ಗಡಿ ಮುಚ್ಚುವುದು ಪೂರ್ತಿ ದಂಡ ಅಂತ ನಾನು ಹೇಳುವುದಿಲ್ಲ. ನ್ಯೂಜಿಲೆಂಡ್ ಮುಚ್ಚಿತು, ಲಾಭವೂ ಆಯಿತು. ಆದರೆ ಅದು ಸುತ್ತಲೂ ಸಮುದ್ರ ಇರುವ ದೇಶ. ಅವರು ಮುಚ್ಚಿದ್ದು ಯಾವುದೋ ಒಂದು ದೇಶಕ್ಕಲ್ಲ, ಇಡೀ ಜಗತ್ತಿಗೆ. ತಮ್ಮದೇ ಪ್ರಜೆಗಳು ವಾಪಸ್ ಬಂದರೂ ಎರಡು ವಾರ ಹೋಟೆಲಿನಲ್ಲಿ ಕೂರಿಸುತ್ತಿದ್ದರು. ನಮ್ಮಂಥ ದೇಶ ಒಂದು ಊರಿನ ವಿಮಾನ ನಿಲ್ಲಿಸಿದರೆ ಜನ ದುಬೈ, ದೋಹಾ ಸುತ್ತಿಕೊಂಡು ಬರುತ್ತಾರೆ. ಆಗ ಯಾರು ಎಲ್ಲಿಂದ ಬಂದರು ಅನ್ನುವ ಲೆಕ್ಕವೂ ತಪ್ಪಿಹೋಗುತ್ತದೆ. ನಮಗೆ ಸಿಗುವುದು ಕೆಲವು ದಿನಗಳ ಬಿಡುವು, ಅಷ್ಟೇ. ಏರ್‌ಪೋರ್ಟಿನಲ್ಲಿ ಹಣೆಗೆ ಹಿಡಿಯುವ ಜ್ವರದ ಗನ್ನಿನ ಕಥೆಯಂತೂ ಕೇಳಲೇಬೇಡಿ. 2003ರಲ್ಲಿ ಸಾರ್ಸ್ ಅನ್ನುವ ಶ್ವಾಸಕೋಶದ ರೋಗ ಬಂದಾಗ ಕೆನಡಾ ತನ್ನ ವಿಮಾನ ನಿಲ್ದಾಣಗಳಲ್ಲಿ ಲಕ್ಷಗಟ್ಟಲೆ ಜನರನ್ನು ತಪಾಸಣೆ ಮಾಡಿತು. ಒಂದೇ ಒಂದು ಸಾರ್ಸ್ ಕೇಸೂ ಅದರಲ್ಲಿ ಸಿಗಲಿಲ್ಲ.

ಇದು ಚಿಕ್ಕ ನಷ್ಟ. ದೊಡ್ಡ ನಷ್ಟ ಬೇರೆ ಇದೆ. ಅದಕ್ಕೆ ದಕ್ಷಿಣ ಆಫ್ರಿಕಾದವರು ಒಮೈಕ್ರಾನ್ ಹಿಡಿದದ್ದು ಹೇಗೆ ಅಂತ ನೋಡಬೇಕು.

ಜೋಹಾನ್ಸ್‌ಬರ್ಗ್ ಇರುವ ಗೌಟೆಂಗ್ ಪ್ರಾಂತ್ಯದ ಲ್ಯಾಬುಗಳಲ್ಲಿ ಒಂದು ಬಗೆಯ ಪಿಸಿಆರ್ ಕಿಟ್ ಬಳಸುತ್ತಿದ್ದರು. ಅದು ವೈರಸ್ಸಿನ ಮೂರು ಗುರುತುಗಳನ್ನು ಹುಡುಕುತ್ತದೆ. ಪಾಸಿಟಿವ್ ಸ್ಯಾಂಪಲ್‌ನಲ್ಲಿ ಸಾಮಾನ್ಯವಾಗಿ ಮೂರೂ ಸಿಗುತ್ತವೆ. ನವೆಂಬರ್ ನಡುವಿನಲ್ಲಿ ಲ್ಯಾಬಿನವರಿಗೆ ವಿಚಿತ್ರ ಕಾಣಿಸಿತು. ಎರಡು ಗುರುತು ಸಿಗುತ್ತಿವೆ, ಮೂರನೆಯದು ಕಾಣೆ. ಒಂದೆರಡು ಸ್ಯಾಂಪಲ್ ಹೀಗಾದರೆ ಕಿಟ್ಟಿನ ದೋಷ ಅನ್ನಬಹುದು. ಒಂದರ ಹಿಂದೆ ಒಂದು ಹೀಗೇ ಬಂದವು. ಅವರು ‘ಪಾಸಿಟಿವ್’ ಅಂತ ಬರೆದು ಸುಮ್ನೆ ಮುಂದಕ್ಕೆ ಹೋಗಬಹುದಿತ್ತು. ಹೋಗಲಿಲ್ಲ. ಆ ಸ್ಯಾಂಪಲ್‌ಗಳನ್ನು ಜೀನೋಮ್ ಸೀಕ್ವೆನ್ಸಿಂಗಿಗೆ, ಅಂದರೆ ವೈರಸ್ಸಿನ ಜೀನುಗಳನ್ನು ಪೂರ್ತಿ ಓದುವ ಪರೀಕ್ಷೆಗೆ, ಕಳಿಸಿದರು. ಪಕ್ಕದ ಬೋಟ್ಸ್‌ವಾನಾದವರೂ ಅದೇ ಹೊತ್ತಿಗೆ ಅದನ್ನೇ ಕಂಡರು. ಕೆಲವೇ ದಿನಗಳಲ್ಲಿ ಇಡೀ ಜಗತ್ತಿಗೆ ತಿಳಿಸಿದರು. ಇಷ್ಟು ಬೇಗ, ಇಷ್ಟು ಬಿಚ್ಚುಮನಸ್ಸಿನಿಂದ ಒಂದು ದೇಶ ಹೇಳಿದ್ದು ಕಡಿಮೆ.

ಅವರಿಗೆ ಸಿಕ್ಕಿದ ಬಹುಮಾನ ಏನು ಗೊತ್ತಾ? ಬಹಿರಂಗವಾಗಿ ಹೇಳಿದ ಅದೇ ದಿನ ಬ್ರಿಟನ್ ಆ ಭಾಗದ ಆರು ದೇಶಗಳ ವಿಮಾನ ನಿಲ್ಲಿಸುವುದಾಗಿ ಹೇಳಿತು. ಹಿಂದೆಯೇ ಯುರೋಪ್, ಅಮೆರಿಕ. ದಕ್ಷಿಣ ಆಫ್ರಿಕಾದಲ್ಲಿ ಅದು ಬೇಸಿಗೆ ಪ್ರವಾಸದ ಕಾಲ, ಹೋಟೆಲುಗಳೆಲ್ಲ ಖಾಲಿ ಹೊಡೆದವು. ಒಮೈಕ್ರಾನ್ ಅಷ್ಟರಲ್ಲಿ ಎಲ್ಲ ಕಡೆ ಇತ್ತು. ಶಿಕ್ಷೆ ಮಾತ್ರ ಮೊದಲು ಕಂಡವರಿಗೆ, ಕಂಡದ್ದನ್ನು ಹೇಳಿದವರಿಗೆ.

ಇದು ಎಷ್ಟು ಹಳೆಯ ಕಾಯಿಲೆ ಅಂತ ನನಗೆ ಪಿಎಚ್‌ಸಿಯಲ್ಲೇ (ಪ್ರಾಥಮಿಕ ಆರೋಗ್ಯ ಕೇಂದ್ರ) ಗೊತ್ತಾಗಿತ್ತು. ನಾನಾಗ ಹೊಸ ಮೆಡಿಕಲ್ ಆಫೀಸರ್. ಒಂದು ಊರಿನಲ್ಲಿ ಜಾತ್ರೆ ಮುಗಿದ ಮೂರನೇ ದಿನಕ್ಕೆ ಭೇದಿ ಶುರುವಾಯಿತು. ಅಕ್ಕಿ ತೊಳೆದ ನೀರಿನ ಹಾಗೆ ಹೋಗುತ್ತಿತ್ತು. ಗಟ್ಟಿಮುಟ್ಟಾದ ಆಳುಗಳು ಅರ್ಧ ದಿನದಲ್ಲಿ ಕಣ್ಣು ಗುಳಿಬಿದ್ದು ಮಲಗಿದ್ದರು. ನಾನು ವರದಿಯಲ್ಲಿ ‘ಕಾಲರಾ ಶಂಕೆ’ ಅಂತ ಬರೆದೆ. ಸಂಜೆ ಮೇಲಿನವರ ಫೋನ್ ಬಂತು. “ಕಾಲರಾ ಅಂತ ಯಾರ‍್ರೀ ಬರೆಯೋಕೆ ಹೇಳಿದ್ದು? ವಾಂತಿಭೇದಿ ಅಂತ ಬರೀರಿ, ಸಾಕು. ನಾಳೆ ಪೇಪರ‍್ನೋರು ಬಂದ್ರೆ ನೀವು ಉತ್ತರ ಕೊಡ್ತೀರಾ?” ಬೈಸಿಕೊಂಡೆ. ನೀರಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿಸುವ ಬದಲು ಒಂದು ದಿನ ಪೂರ್ತಿ ಆ ಒಂದು ಶಬ್ದದ ಸುತ್ತಲೇ ಕಳೆಯಿತು. ಪಕ್ಕದ ಪಿಎಚ್‌ಸಿಯ ಡಾಕ್ಟರು ನನಗಿಂತ ಹಿರಿಯರು, ಅನುಭವಸ್ಥರು. ಅವರ ಕಡೆಯೂ ಭೇದಿ ಇತ್ತು. ಆ ವಾರದ ವರದಿಯಲ್ಲಿ ಅವರು ಬರೆದದ್ದು ‘ನಿಲ್’, ಅಂದರೆ ಏನೂ ಇಲ್ಲ. “ನಿಲ್ ಅಂತ ಬರೆದರೆ ಯಾರೂ ಫೋನ್ ಮಾಡಲ್ಲ ಕಣಯ್ಯಾ” ಅಂದರು.

ದೇಶಗಳೂ ಹೀಗೇ, ಮೇಷ್ಟ್ರೇ. ಬೈಗುಳದ ಜಾಗದಲ್ಲಿ ಕೋಟಿಗಟ್ಟಲೆ ನಷ್ಟ ಇರುತ್ತದೆ, ಅಷ್ಟೇ ವ್ಯತ್ಯಾಸ.

ನಮ್ಮ ದೇಶವೇ ಆ ಏಟು ತಿಂದಿದೆ. 1994ರ ಸೆಪ್ಟೆಂಬರ್‌ನಲ್ಲಿ ಸೂರತ್‌ನಲ್ಲಿ ಪ್ಲೇಗ್ ಅಂತ ಸುದ್ದಿಯಾಯಿತು. ಲಕ್ಷಾಂತರ ಜನ ರೈಲು, ಬಸ್ಸು, ಸಿಕ್ಕಿದ್ದು ಹತ್ತಿಕೊಂಡು ಊರು ಬಿಟ್ಟರು. ಔಷಧದ ಅಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಖಾಲಿ. ಸತ್ತವರು ಐವತ್ತರ ಆಸುಪಾಸು. ಆದರೆ ಹೊರಗಿನ ದೇಶಗಳು ಭಾರತದ ವಿಮಾನ ಬೇಡ ಅಂದವು, ಸರಕು ಬೇಡ ಅಂದವು. ಸೂರತ್ತಿನ ಮುಖ ನೋಡದ ಭಾರತೀಯರನ್ನೂ ವಿಮಾನ ನಿಲ್ದಾಣಗಳಲ್ಲಿ ಪಕ್ಕಕ್ಕೆ ನಿಲ್ಲಿಸಿದರು. ದೇಶಕ್ಕಾದ ನಷ್ಟ 150 ಕೋಟಿ ಡಾಲರಿಗೂ ಮೇಲೆ ಅನ್ನುವ ಅಂದಾಜಿದೆ. ಅದನ್ನು ನೋಡಿದ ಯಾವ ದೇಶದ ಆರೋಗ್ಯ ಮಂತ್ರಿಗೆ ಮುಂದಿನ ಸಲ ‘ನಮ್ಮಲ್ಲಿ ಪ್ಲೇಗ್ ಬಂದಿದೆ’ ಅಂತ ಬಾಯಿ ಬಿಡಲು ಮನಸ್ಸಾದೀತು?

ಆಗ ಇದ್ದದ್ದು 1969ರ ಅಂತಾರಾಷ್ಟ್ರೀಯ ನಿಯಮ. ಅದರ ಬೇರು ಇನ್ನೂ ಹಳೆಯದು. ಕಾಲರಾಕ್ಕೆ ಹೆದರಿ ಯುರೋಪಿನ ದೇಶಗಳು 1851ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಸಲ ಸೇರಿದ್ದವು. ತಿಂಗಳುಗಟ್ಟಲೆ ಜಗಳ ಆಡಿ ಎದ್ದುಹೋದವು. (ಅವರಿಗೆ ಬೇಕಾಗಿದ್ದದ್ದು ಪೂರ್ವದ ರೋಗ ತಮ್ಮ ಬಂದರಿಗೆ ಬರಬಾರದು, ತಮ್ಮ ವ್ಯಾಪಾರವೂ ನಿಲ್ಲಬಾರದು ಅನ್ನುವುದು. ರೋಗ ಬಂದ ಊರಿನ ಜನರ ಗತಿ ಏನು ಅನ್ನುವುದು ಯಾರ ಪಟ್ಟಿಯಲ್ಲೂ ಇರಲಿಲ್ಲ.) ಆ ಕಾಲದ ರೋಗ ಹಡಗಿನ ವೇಗದಲ್ಲಿ ಬರುತ್ತಿತ್ತು. 1894ರಲ್ಲಿ ಹಾಂಕಾಂಗ್‌ನಲ್ಲಿದ್ದ ಪ್ಲೇಗ್ ಬೊಂಬಾಯಿಗೆ ಬಂದದ್ದು 1896ಕ್ಕೆ, ಬೆಂಗಳೂರಿಗೆ 1898ಕ್ಕೆ. ನಾಲ್ಕು ವರ್ಷ ಹಿಡಿಯಿತು. ಬಸವನಗುಡಿ, ಮಲ್ಲೇಶ್ವರದ ಅಗಲ ರಸ್ತೆಗಳು ಆ ಭಯದಲ್ಲಿ ಬೆಳೆದವು. 1969ರ ನಿಯಮವೂ ಅದೇ ಕಾಲದ ಯೋಚನೆಯದು. ಕೊನೆಕೊನೆಗೆ ಅದರಲ್ಲಿ ಉಳಿದದ್ದು ಮೂರೇ ರೋಗ: ಪ್ಲೇಗ್, ಕಾಲರಾ, ಹಳದಿ ಜ್ವರ. ಇವು ಬಂದರೆ ಹೇಳಬೇಕು. ಹೆಸರೇ ಇಲ್ಲದ ಹೊಸ ರೋಗ ಬಂದರೆ? ಅದಕ್ಕೆ ನಿಯಮದಲ್ಲಿ ಜಾಗವೇ ಇರಲಿಲ್ಲ.

ಆ ತೂತು 2003ರಲ್ಲಿ ಎಲ್ಲರಿಗೂ ಕಾಣಿಸಿತು. ಚೀನಾದ ಗುವಾಂಗ್‌ಡಾಂಗ್‌ನಲ್ಲಿ 2002ರ ನವೆಂಬರ್‌ನಿಂದ ಒಂದು ಕೆಟ್ಟ ನ್ಯುಮೋನಿಯಾ ಹರಡುತ್ತಿತ್ತು. ಅದೇ ಸಾರ್ಸ್. ಸರ್ಕಾರ ಸುಮ್ಮನಿತ್ತು. 2003ರ ಫೆಬ್ರವರಿಯಲ್ಲಿ ಅಲ್ಲಿಯ ವೈದ್ಯರೊಬ್ಬರು ಮದುವೆಗೆಂದು ಹಾಂಕಾಂಗ್‌ಗೆ ಬಂದು ಮೆಟ್ರೊಪೋಲ್ ಹೋಟೆಲಿನ ಒಂಬತ್ತನೇ ಮಹಡಿಯಲ್ಲಿ ಉಳಿದರು. ಅವರಿಗೆ ಆಗಲೇ ಜ್ವರ. ಅದೇ ಮಹಡಿಯ ಅತಿಥಿಗಳು ಮುಂದೆ ಹನೋಯ್, ಸಿಂಗಪುರ, ಟೊರಾಂಟೋಗಳಿಗೆ ರೋಗ ಹೊತ್ತುಕೊಂಡು ಹೋದರು. ಹನೋಯ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಇಟಾಲಿಯನ್ ವೈದ್ಯ ಕಾರ್ಲೋ ಉರ್ಬಾನಿ ಆ ರೋಗಿಯನ್ನು ನೋಡಿ ಇದು ಫ್ಲೂ ಅಲ್ಲ, ಬೇರೆ ಏನೋ ಅಂತ ಕೂಗಿ ಹೇಳಿದರು. ಮಾರ್ಚ್ 12ಕ್ಕೆ ಜಗತ್ತಿಗೇ ಎಚ್ಚರಿಕೆ ಹೊರಟಿತು. ಮಾರ್ಚ್ 29ಕ್ಕೆ ಉರ್ಬಾನಿ ಅದೇ ರೋಗದಿಂದ ತೀರಿಕೊಂಡರು.

ಆಮೇಲೆ ನಡೆದದ್ದು ನನ್ನಂಥವರಿಗೆ ಇವತ್ತಿಗೂ ರೋಮಾಂಚನ. 9 ದೇಶಗಳ 11 ಲ್ಯಾಬುಗಳು, ಸಾಮಾನ್ಯವಾಗಿ ಯಾರು ಮೊದಲು ಪೇಪರ್ ಪ್ರಕಟಿಸುತ್ತಾರೆ ಅಂತ ಪೈಪೋಟಿ ಮಾಡುವವರು, ದಿನಾ ಒಂದೇ ಫೋನ್ ಕರೆಯಲ್ಲಿ ಸೇರಿ ಸಿಕ್ಕಿದ್ದನ್ನೆಲ್ಲ ಹಂಚಿಕೊಂಡರು. ತಿಂಗಳೊಳಗೆ ವೈರಸ್ ಯಾವುದು ಅಂತ ಗೊತ್ತಾಯಿತು. ಜುಲೈ ಹೊತ್ತಿಗೆ ಸರಪಳಿ ಮುರಿದಿತ್ತು. 8,096 ಜನಕ್ಕೆ ರೋಗ, 774 ಸಾವು. ಲಸಿಕೆ ಇಲ್ಲದೆ, ಔಷಧ ಇಲ್ಲದೆ ನಿಲ್ಲಿಸಿದರು. ಸಾರ್ಸ್‌ನಲ್ಲಿ ಜ್ವರ ಜೋರಾದ ಮೇಲೆಯೇ ರೋಗ ಜಾಸ್ತಿ ಅಂಟುತ್ತಿತ್ತು, ಅದೂ ಸಹಾಯಕ್ಕೆ ಬಂತು ಅನ್ನುವುದನ್ನು ಮುಚ್ಚಿಡುವುದಿಲ್ಲ. ಕೋವಿಡ್ ಆ ದಯೆ ತೋರಿಸಲಿಲ್ಲ.

ಆ ಪೆಟ್ಟಿನಿಂದ ಹುಟ್ಟಿದ್ದು 2005ರ ಅಂತಾರಾಷ್ಟ್ರೀಯ ಆರೋಗ್ಯ ನಿಯಮಾವಳಿ. ಜಾರಿಯಾದದ್ದು 2007ರ ಜೂನ್ 15ಕ್ಕೆ. 196 ದೇಶಗಳು ಅದರಲ್ಲಿವೆ. ನೀವು ಜಿನೀವಾ ಅಂದಿರಲ್ಲ, ಅಲ್ಲಿ ಬರೆದದ್ದರಲ್ಲಿ ನನಗೆ ತುಂಬಾ ಹಿಡಿಸಿದ ಪುಟ ಇದರದ್ದು. ರೋಗಗಳ ಪಟ್ಟಿ ಬಿಟ್ಟು ನಾಲ್ಕು ಪ್ರಶ್ನೆ ಕೇಳುತ್ತದೆ. ಆಗಿರುವುದು ಗಂಭೀರವೇ? ವಿಚಿತ್ರವೇ, ನಿರೀಕ್ಷೆ ಇಲ್ಲದ್ದೇ? ಗಡಿ ದಾಟುವ ಅಪಾಯ ಇದೆಯೇ? ಪ್ರಯಾಣಕ್ಕೆ, ವ್ಯಾಪಾರಕ್ಕೆ ತಡೆ ಬೀಳುವ ಸಂಭವ ಇದೆಯೇ? ಎರಡಕ್ಕೆ ‘ಹೌದು’ ಬಂದರೆ ಹೇಳಲೇಬೇಕು. ವಿಷಯ ತಿಳಿದ 48 ಗಂಟೆಯೊಳಗೆ ಅಳೆದು ನೋಡಬೇಕು, ಹೌದು ಅನಿಸಿದ 24 ಗಂಟೆಯೊಳಗೆ ತಿಳಿಸಬೇಕು. ರೋಗಕ್ಕೆ ಹೆಸರಿರಬೇಕು ಅಂತಿಲ್ಲ. ಪ್ರತಿ ದೇಶದಲ್ಲೂ ಹಗಲೂ ರಾತ್ರಿ ಫೋನ್ ಎತ್ತುವ ಒಂದು ಕಚೇರಿ ಇರಬೇಕು. ನಮ್ಮಲ್ಲಿ ಅದು ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ.

ಇನ್ನೊಂದು ಬದಲಾವಣೆ ಚಿಕ್ಕದಾಗಿ ಕಂಡರೂ ದೊಡ್ಡದು. ಮೊದಲೆಲ್ಲ ಸರ್ಕಾರ ಬಾಯಿ ಬಿಟ್ಟರೆ ಮಾತ್ರ ವಿಶ್ವ ಆರೋಗ್ಯ ಸಂಸ್ಥೆಗೆ ಅದು ಸುದ್ದಿ. ಈಗ ಪತ್ರಿಕೆಯಲ್ಲಿ ಬಂದದ್ದು, ಯಾರೋ ಡಾಕ್ಟರು ಆನ್‌ಲೈನ್‌ನಲ್ಲಿ ಬರೆದದ್ದು ನೋಡಿಯೂ “ಏನಿದು, ಹೇಳಿ” ಅಂತ ದೇಶವನ್ನು ಕೇಳಬಹುದು. 2019ರ ಕೊನೆಯಲ್ಲಿ ವುಹಾನ್ ವಿಷಯ ಹೊರಬಿದ್ದದ್ದು ಹೀಗೇ. ಅಲ್ಲಿಯ ನಗರ ಆರೋಗ್ಯ ಇಲಾಖೆಯ ಪ್ರಕಟಣೆ ಡಿಸೆಂಬರ್ 31ಕ್ಕೆ ಕಣ್ಣಿಗೆ ಬಿತ್ತು, ಮರುದಿನವೇ ಚೀನಾವನ್ನು ಕೇಳಿದರು.

ಹಾಗಂತ ಈ ನಿಯಮಕ್ಕೆ ಹಲ್ಲಿದೆ ಅಂದುಕೊಳ್ಳಬೇಡಿ. ಪೊಲೀಸರಿಲ್ಲ, ದಂಡ ಇಲ್ಲ. ಯಾವುದೇ ದೇಶ ವಿಮಾನ ನಿಲ್ಲಿಸಿದರೆ 48 ಗಂಟೆಯಲ್ಲಿ ಕಾರಣ ಕೊಡಬೇಕು ಅಂತ ಬರೆದಿದೆ. ಕೊಡದಿದ್ದರೆ ಏನೂ ಆಗುವುದಿಲ್ಲ. ಒಮೈಕ್ರಾನ್ ಸಮಯದಲ್ಲಿ ಆದದ್ದು ಅದೇ. ವಿಶ್ವ ಆರೋಗ್ಯ ಸಂಸ್ಥೆಯೂ ದೇವರಲ್ಲ. 2014ರ ಎಬೋಲಾದಲ್ಲಿ ಮಾರ್ಚ್‌ನಲ್ಲೇ ಗಿನಿಯಿಂದ ಸುದ್ದಿ ಬಂದಿತ್ತು. ತುರ್ತು ಪರಿಸ್ಥಿತಿ ಅಂತ ಘೋಷಿಸಿದ್ದು ಆಗಸ್ಟ್ 8ಕ್ಕೆ. ಅಷ್ಟರಲ್ಲಿ ಮೂರು ದೇಶ ಹೊತ್ತಿ ಉರಿಯುತ್ತಿದ್ದವು. ಮುಗಿಯುವ ಹೊತ್ತಿಗೆ 11,000ಕ್ಕೂ ಜಾಸ್ತಿ ಜನ ಸತ್ತರು.

ಆ ಎಬೋಲಾದ ನಡುವೆಯೇ ಒಂದು ಒಳ್ಳೆಯ ಕಥೆಯೂ ಇದೆ. 2014ರ ಜುಲೈನಲ್ಲಿ ಲೈಬೀರಿಯಾದಿಂದ ಒಬ್ಬ ರೋಗಿ ವಿಮಾನದಲ್ಲಿ ನೈಜೀರಿಯಾದ ಲಾಗೋಸ್‌ಗೆ ಬಂದಿಳಿದ. ಕೋಟಿಗೂ ಮೇಲೆ ಜನ ಇರುವ ಊರು. ಎಲ್ಲರೂ ಕೈಚೆಲ್ಲಿದರು. ಆದರೆ ನೈಜೀರಿಯಾದಲ್ಲಿ ಪೋಲಿಯೊಗೆಂದು ಹೊರದೇಶದ ಹಣದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಕಟ್ಟಿದ್ದ ತಂಡ ಇತ್ತು. ಮನೆಮನೆಗೆ ಹೋಗಿ ಹುಡುಕುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಅದೇ ತಂಡವನ್ನು ಎಬ್ಬಿಸಿ ಕಳಿಸಿದರು. ಸಂಪರ್ಕಕ್ಕೆ ಬಂದಿದ್ದ ಸುಮಾರು 900 ಜನರನ್ನು ಹುಡುಕಿ ದಿನಾ ಜ್ವರ ನೋಡಿದರು. 20 ಕೇಸು, 8 ಸಾವು, ಅಲ್ಲಿಗೆ ನಿಂತಿತು. ಪೋಲಿಯೊ ಹನಿ ಹಾಕಲು ನಿಮ್ಮ ಮನೆಗೆ ಬಂದು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಹೋಗುತ್ತಿದ್ದ ಹೆಣ್ಣುಮಕ್ಕಳನ್ನು ನೆನಪು ಮಾಡಿಕೊಳ್ಳಿ. ಅಂಥವರು.

ಈಗ ನಮ್ಮ ಪಕ್ಕಕ್ಕೆ ಬರೋಣ. ನಿಪಾ ಅನ್ನುವ ಒಂದೇ ವೈರಸ್ಸಿನ ಮೂರು ಕಥೆ ಹೇಳುತ್ತೇನೆ.

ಮೊದಲನೆಯದು ಮಲೇಷ್ಯಾ. 1998ರ ಸೆಪ್ಟೆಂಬರ್‌ನಿಂದ ಹಂದಿ ಸಾಕುವವರಿಗೆ ಮಿದುಳು ಜ್ವರ ಬರತೊಡಗಿತು. ಜಪಾನೀಸ್ ಎನ್ಸೆಫಲೈಟಿಸ್ ಇರಬೇಕು ಅಂತ ಸೊಳ್ಳೆಗೆ ಹೊಗೆ ಹಾಕಿದರು, ಲಸಿಕೆ ಹಾಕಿದರು. ನಿಲ್ಲಲಿಲ್ಲ. 1999ರ ಮಾರ್ಚ್‌ನಲ್ಲಿ ಕಾವ್ ಬಿಂಗ್ ಚುವಾ ಅನ್ನುವ ವೈದ್ಯರು ತಮಗೆ ಸಿಕ್ಕ ವೈರಸ್ಸನ್ನು ತಾವೇ ಅಮೆರಿಕಕ್ಕೆ ಒಯ್ದರು. ಅಲ್ಲಿ ಗೊತ್ತಾಯಿತು, ಇದು ಹೊಸದು, ಆಸ್ಟ್ರೇಲಿಯಾದ ಹೆಂಡ್ರಾ ವೈರಸ್ಸಿನ ದಾಯಾದಿ. ಆರು ತಿಂಗಳು, 105 ಸಾವು, ಹತ್ತು ಲಕ್ಷದಷ್ಟು ಹಂದಿಗಳ ಮಾರಣಹೋಮ.

ಎರಡನೆಯದು ನಮ್ಮದೇ ದೇಶದ, ಪಶ್ಚಿಮ ಬಂಗಾಳದ ಸಿಲಿಗುರಿ. 2001ರ ಆರಂಭದಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಹರಡಿತು. 66 ಜನಕ್ಕೆ ರೋಗ, 45 ಸಾವು. ಏನು ಅಂತ ಆಗ ಗೊತ್ತೇ ಆಗಲಿಲ್ಲ. ಉಳಿಸಿಟ್ಟಿದ್ದ ಸ್ಯಾಂಪಲ್‌ಗಳನ್ನು ಪರೀಕ್ಷಿಸಿ, ಅದು ನಿಪಾ ಅನ್ನುವ ವರದಿ ಪ್ರಕಟವಾದದ್ದು 2006ರಲ್ಲಿ.

ಮೂರನೆಯದು 2018ರ ಮೇ, ಕೋಯಿಕ್ಕೋಡ್. ಒಂದು ಮನೆಯ ಒಬ್ಬ ಹುಡುಗ ತಿಂಗಳ ಮೊದಲ ವಾರ ತೀರಿಕೊಂಡ. ಅವನ ಅಣ್ಣ ಅದೇ ಲಕ್ಷಣಗಳೊಂದಿಗೆ 17ಕ್ಕೆ ಖಾಸಗಿ ಆಸ್ಪತ್ರೆಗೆ ಬಂದ. ಒಂದೇ ಮನೆಯಲ್ಲಿ ಎರಡನೇ ಸಲ! ಅಲ್ಲಿಯ ಡಾಕ್ಟರುಗಳಿಗೆ ಅದು ಕುಟುಕಿತು. ಸ್ಯಾಂಪಲ್ ನಮ್ಮ ಮಣಿಪಾಲದ ವೈರಸ್ ಲ್ಯಾಬಿಗೆ ಬಂತು. ಡಾ. ಅರುಣ್‌ಕುಮಾರ್ ಅವರ ತಂಡ ನಿಪಾ ಅಂತ ಹೇಳಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ 20ಕ್ಕೆ ಖಚಿತಪಡಿಸಿತು. ಎರಡನೇ ರೋಗಿ ಸಿಕ್ಕ ಮೂರೇ ದಿನದಲ್ಲಿ! ಲ್ಯಾಬಿನಲ್ಲಿ ಖಚಿತವಾದ 18 ಕೇಸುಗಳಲ್ಲಿ 16 ಜನ ಹೋದರು, ಅದು ಸಣ್ಣ ಸಂಖ್ಯೆಯಲ್ಲ. ಆದರೆ ರೋಗ ಅಲ್ಲಿಗೆ ನಿಂತಿತು.

ಮಣಿಪಾಲದವರಿಗೆ ಆ ಪರೀಕ್ಷೆ ಗೊತ್ತಿದ್ದದ್ದು ಆಕಸ್ಮಿಕ ಅಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಜೊತೆ ಸೇರಿ ಹಲವು ರಾಜ್ಯಗಳಲ್ಲಿ ಕಾರಣ ತಿಳಿಯದ ಜ್ವರಗಳನ್ನು ವರ್ಷಗಳಿಂದ ಹುಡುಕುತ್ತಿದ್ದರು. ಮಲೇಷ್ಯಾದವರು ಕಂಡದ್ದು, ಬಾಂಗ್ಲಾದೇಶದವರು ಈಚಲ ನೀರಿಗೂ ಬಾವಲಿಗೂ ಇರುವ ನಂಟನ್ನು ಬಿಡಿಸಿದ್ದು, ಇವೆಲ್ಲ ಎಲ್ಲರ ಕೈಯಲ್ಲೂ ಇತ್ತು. ಕೇರಳಕ್ಕೆ ರಿಬಾವಿರಿನ್ ಮಾತ್ರೆ ಬಂದದ್ದು ಮಲೇಷ್ಯಾದಿಂದ. ಪ್ರಯೋಗದಲ್ಲಿದ್ದ ಆ್ಯಂಟಿಬಾಡಿ ಔಷಧ ಬಂದದ್ದು ಆಸ್ಟ್ರೇಲಿಯಾದಿಂದ, ಅದನ್ನು ಬಳಸುವ ಮೊದಲೇ ರೋಗ ಇಳಿದಿತ್ತು. ಅಂತಾರಾಷ್ಟ್ರೀಯ ಸಹಕಾರ ಅಂದರೆ ನನ್ನ ಕಣ್ಣ ಮುಂದೆ ಬರುವುದು ಸೂಟು ಹಾಕಿಕೊಂಡವರ ಸಭೆ ಅಲ್ಲ. ಸ್ಯಾಂಪಲ್ ಕಳಿಸುವ ಬಿಳೀ ಥರ್ಮೊಕೋಲ್ ಡಬ್ಬಿ.

ಆ ಡಬ್ಬಿಯನ್ನೂ ತೆರೆದು ತೋರಿಸುತ್ತೇನೆ. ಜಗತ್ತಿನ ಎಲ್ಲ ಕಡೆ ಅದು ಹೆಚ್ಚುಕಡಿಮೆ ಒಂದೇ ತರಹ. ಒಳಗೆ ಬೆರಳುದ್ದದ ಟ್ಯೂಬು, ಮುಚ್ಚಳದ ಸುತ್ತ ಪ್ಯಾರಾಫಿಲ್ಮ್ ಅನ್ನುವ ಎಳೆದು ಸುತ್ತುವ ಮೇಣದ ಪಟ್ಟಿ. ಅದಕ್ಕೆ ಹತ್ತಿ ಸುತ್ತಿರುತ್ತಾರೆ. ಟ್ಯೂಬು ಒಡೆದರೆ ಒಳಗಿರುವಷ್ಟೂ ದ್ರವವನ್ನು ಆ ಹತ್ತಿ ಹೀರಬೇಕು. ಅದೆಲ್ಲ ಸೋರದ ಎರಡನೇ ಡಬ್ಬಿಯೊಳಗೆ. ಅದರ ಹೊರಗೆ ಐಸ್ ಪ್ಯಾಕ್, ಆಮೇಲೆ ಹೊರಡಬ್ಬಿ, ಮೇಲೆ ಓರೆಯಾಗಿ ನಿಲ್ಲಿಸಿದ ಚೌಕದ ಲೇಬಲ್. ರೋಗಿಯ ವಿವರದ ಫಾರಂ ಎರಡನೇ ಡಬ್ಬಿಯ ಹೊರಗೆ, ಪ್ಲಾಸ್ಟಿಕ್ ಕವರಿನಲ್ಲಿ ಇರಬೇಕು. ಹೊಸಬರು ಅದನ್ನು ಟ್ಯೂಬಿಗೇ ಸುತ್ತಿ ರಬ್ಬರ್‌ಬ್ಯಾಂಡ್ ಹಾಕುತ್ತಾರೆ. ಐಸ್ ಕರಗಿ ಶಾಯಿ ಹರಡಿ, ಯಾರ ರಕ್ತ ಯಾವ ಊರಿನದು ಅಂತ ಯಾರಿಗೂ ತಿಳಿಯದೆ ಹೋದ ಡಬ್ಬಿಗಳನ್ನು ನಾನೇ ಬಿಚ್ಚಿದ್ದೇನೆ.

ಆ ಡಬ್ಬಿಯ ಮೇಲೇ ಈಗಿನ ಜಗಳ ಇರುವುದು. 2007ರಲ್ಲಿ ಇಂಡೋನೇಷ್ಯಾದ ಆರೋಗ್ಯ ಮಂತ್ರಿ ಸಿತಿ ಫಾದಿಲಾ ಸುಪಾರಿ ಹಕ್ಕಿಜ್ವರದ ಸ್ಯಾಂಪಲ್ ಹಂಚುವುದನ್ನೇ ನಿಲ್ಲಿಸಿದರು. ಅವರು ಕಳಿಸಿದ ವೈರಸ್ಸಿನಿಂದ ಆಸ್ಟ್ರೇಲಿಯಾದ ಕಂಪನಿಯೊಂದು ಲಸಿಕೆ ಮಾಡುತ್ತಿತ್ತು. “ನಮ್ಮ ವೈರಸ್ ನಿಮಗೆ ಪುಕ್ಕಟೆ, ನಿಮ್ಮ ಲಸಿಕೆ ನಮಗೆ ದುಡ್ಡು ಕೊಟ್ಟರೂ ಸಿಗುವುದಿಲ್ಲ, ಇದು ಯಾವ ನ್ಯಾಯ?” ಅನ್ನುವುದು ಅವರ ವಾದದ ಸಾರ. ಶ್ರೀಮಂತ ದೇಶಗಳು ಸಿಟ್ಟಾದವು. ಸ್ಯಾಂಪಲ್ ತಡೆಹಿಡಿದದ್ದು ಅಪಾಯದ ಆಟ, ನಾನೂ ಒಪ್ಪುತ್ತೇನೆ. ಆದರೆ ಅವರ ಪ್ರಶ್ನೆ ತಪ್ಪಾಗಿರಲಿಲ್ಲ. ನಾಲ್ಕು ವರ್ಷ ಎಳೆದಾಡಿ 2011ರಲ್ಲಿ ಫ್ಲೂಗೆ ಮಾತ್ರ ಒಂದು ವ್ಯವಸ್ಥೆ ಆಯಿತು: ವೈರಸ್ ಹಂಚಿ, ಕಂಪನಿಗಳು ಹಣವನ್ನೂ ಲಸಿಕೆಯ ಪಾಲನ್ನೂ ಕೊಡಲಿ.

ಕೋವಿಡ್ ಲಸಿಕೆ ಬಂದಾಗ ಶ್ರೀಮಂತ ದೇಶಗಳು ತಮ್ಮ ಜನಸಂಖ್ಯೆಗಿಂತ ಜಾಸ್ತಿ ಡೋಸ್ ಕಾದಿರಿಸಿಕೊಂಡದ್ದನ್ನು ಎಲ್ಲರೂ ನೋಡಿದರು. ಒಮೈಕ್ರಾನ್ ಕಂಡುಹಿಡಿದ ದಕ್ಷಿಣ ಆಫ್ರಿಕಾವೂ ಆ ಸಾಲಿನಲ್ಲಿ ಹಿಂದೆ ನಿಂತಿತ್ತು. 2025ರ ಮೇ 20ಕ್ಕೆ ಜಿನೀವಾದಲ್ಲಿ ಅಂಗೀಕಾರವಾದ, ನೀವು ಕೇಳಿದ ಆ ಮಹಾಮಾರಿ ಒಪ್ಪಂದ ಇದಕ್ಕೇ ಬಂದದ್ದು. ಅದರ ಪ್ರಕಾರ ಮಹಾಮಾರಿ ಬಂದಾಗ ಒಪ್ಪಿಕೊಂಡ ಕಂಪನಿಗಳು ತಾವು ಮಾಡುವ ಲಸಿಕೆ, ಔಷಧ, ಪರೀಕ್ಷಾ ಕಿಟ್‌ಗಳಲ್ಲಿ 20 ಪರ್ಸೆಂಟ್‌ವರೆಗೆ ವಿಶ್ವ ಆರೋಗ್ಯ ಸಂಸ್ಥೆಗೆ ಬಿಡಬೇಕು. ಅದರಲ್ಲಿ ಕನಿಷ್ಠ ಅರ್ಧ ಪುಕ್ಕಟೆ. ಸ್ಯಾಂಪಲ್ ಕೊಟ್ಟವರಿಗೆ ಏನು, ಹೇಗೆ ಸಿಗಬೇಕು ಅನ್ನುವ ಕಷ್ಟದ ಭಾಗವನ್ನು ಮಾತ್ರ ಅನುಬಂಧಕ್ಕೆ ಬಿಟ್ಟು ಆ ದಿನ ಚಪ್ಪಾಳೆ ತಟ್ಟಿದರು. ನನ್ನ ಪ್ರಕಾರ ಒಪ್ಪಂದದ ಜೀವ ಇರುವುದು ಆ ಅನುಬಂಧದಲ್ಲೇ. ಅಮೆರಿಕ ಈ ಒಪ್ಪಂದದಲ್ಲಿಲ್ಲ, ಸಂಸ್ಥೆಯಿಂದಲೇ ಹೊರಹೋಗುತ್ತೇವೆ ಅಂತ 2025ರ ಜನವರಿಯಲ್ಲೇ ಹೇಳಿತ್ತು. ನಿಪಾ ಕಥೆ ಓದಿದ ಮೇಲೆ ಅದು ಎಷ್ಟು ದೊಡ್ಡ ಪೆಟ್ಟು ಅಂತ ನಿಮಗೇ ಗೊತ್ತಾಗುತ್ತದೆ.

ಲಾಕ್‌ಡೌನ್ ವಿಷಯ: ವಾಟ್ಸಾಪ್ ಸುಳ್ಳು. ಯಾವ ದೇಶಕ್ಕೂ ಲಾಕ್‌ಡೌನ್ ಹಾಕು, ಲಸಿಕೆ ಕಡ್ಡಾಯ ಮಾಡು, ಪ್ರಯಾಣಿಕರನ್ನು ತಡೆ ಅಂತ ಹೇಳುವ ಅಧಿಕಾರ ವಿಶ್ವ ಆರೋಗ್ಯ ಸಂಸ್ಥೆಗೆ ಇಲ್ಲ ಅಂತ ಒಪ್ಪಂದದಲ್ಲೇ ಬರೆದಿದ್ದಾರೆ. 2020ರಲ್ಲಿ ನಮಗೆ ಲಾಕ್‌ಡೌನ್ ಹಾಕಿದ್ದೂ ಜಿನೀವಾ ಅಲ್ಲ, ದೆಹಲಿ.

ಇನ್ನು ನಿಮ್ಮ ಮಗ. ಉಗಾಂಡಾ ಅಂದಾಕ್ಷಣ ಎಬೋಲಾ ಅಂತ ಹೆದರಬೇಡಿ. ಈ ವಿಷಯದಲ್ಲಿ ಆ ದೇಶದವರು ಪಳಗಿದವರು, ಮುಚ್ಚಿಡುವವರೂ ಅಲ್ಲ. 2025ರ ಜನವರಿ 30ಕ್ಕೆ ಕಂಪಾಲಾದಲ್ಲಿ ಎಬೋಲಾ ಇದೆ ಅಂತ ತಾವೇ ಘೋಷಿಸಿದರು. ಆ ಬಗೆಯ ಎಬೋಲಾಕ್ಕೆ ಒಪ್ಪಿಗೆ ಪಡೆದ ಲಸಿಕೆಯೇ ಇರಲಿಲ್ಲ. ಆದರೂ ನಾಲ್ಕೇ ದಿನದಲ್ಲಿ, ಫೆಬ್ರವರಿ 3ಕ್ಕೆ, ಲಸಿಕೆಯ ಪ್ರಯೋಗ ಶುರುವಾಗಿತ್ತು. ಏಪ್ರಿಲ್ ಕೊನೆಗೆ ಮುಗಿಯಿತು.

ಅವನಿಗೆ ಬೇಕಾದದ್ದು ಹಳದಿ ಜ್ವರದ ಲಸಿಕೆ. ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಬೇಕು, ಸರ್ಟಿಫಿಕೇಟ್ ಊರ್ಜಿತವಾಗುವುದೇ ಹತ್ತು ದಿನದ ಮೇಲೆ. ಸರ್ಕಾರ ಗೊತ್ತು ಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಅಲ್ಲಿ ಅಂಗೈಯಗಲದ ಒಂದು ಹಳದಿ ಪುಸ್ತಕ ಕೊಡುತ್ತಾರೆ. ಹೆಸರು, ಪಾಸ್‌ಪೋರ್ಟ್ ನಂಬರ್, ಬ್ಯಾಚ್ ನಂಬರ್, ಸೀಲು, ಸಹಿ ಎಲ್ಲ ಇದೆಯಾ ಅಂತ ಅಲ್ಲೇ ನೋಡಿಕೊಳ್ಳಲಿ. ಮೊಬೈಲಿನಲ್ಲಿ ಫೋಟೊ ಇದೆ ಅಂದರೆ ನಡೆಯುವುದಿಲ್ಲ, ಪುಸ್ತಕವೇ ಬೇಕು. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಅದಿಲ್ಲದೆ ವಾಪಸ್ ಬಂದರೆ ನಮ್ಮವರೇ ಆರು ದಿನದವರೆಗೆ ಕ್ವಾರಂಟೈನಿನಲ್ಲಿ ಕೂರಿಸುತ್ತಾರೆ.

ಅಷ್ಟೊಂದು ಬಿಗಿ ಯಾಕೆ ಅಂದರೆ, ಹಳದಿ ಜ್ವರ ಹರಡುವ ಸೊಳ್ಳೆ ನಮ್ಮ ಊರೂರಿನಲ್ಲಿದೆ, ರೋಗ ಮಾತ್ರ ಇಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಊರಿನವರಿಗೂ ಜ್ವರ ಬಂದಾಗ ಮೊದಲು ಹುಟ್ಟಿದ ದಿಗಿಲೂ ಅದೇ: ಹಳದಿ ಜ್ವರ ಬಂದೇಬಿಟ್ಟಿತಾ? ಪುಣೆಯ ಸಂಸ್ಥೆಯವರು, ಆಗ ರಾಕ್‌ಫೆಲರ್ ಪ್ರತಿಷ್ಠಾನದ ಅಮೆರಿಕನ್ನರೂ ಅಲ್ಲಿದ್ದರು, ಓಡಿ ಬಂದು ನೋಡಿದರೆ ಉಣ್ಣೆ ಹುಳುವಿನಿಂದ ಬರುವ ಬೇರೆಯದೇ ವೈರಸ್. ನಮ್ಮ ಮಂಗನ ಕಾಯಿಲೆ.

ಮಲೇರಿಯಾಕ್ಕೆ ಮಾತ್ರೆ ಬೇಕಾಗುತ್ತದೆ, ಹೊರಡುವ ಮೊದಲೇ ಡಾಕ್ಟರನ್ನು ಕೇಳಿ ಶುರು ಮಾಡಲಿ. ವಾಪಸ್ ಬಂದ ಮೇಲೆ ಯಾವತ್ತಾದರೂ ಜ್ವರ ಬಂದರೆ, ಮೆಡಿಕಲ್ ಶಾಪಿನಲ್ಲಿ ಮಾತ್ರೆ ತಗೊಂಡು ಮಲಗುವುದು ಬೇಡ. ಆಸ್ಪತ್ರೆಗೆ ಹೋಗಿ, ಡಾಕ್ಟರು ಕೇಳುವ ಮೊದಲೇ “ನಾನು ಉಗಾಂಡಾದಿಂದ ಇಂಥ ತಾರೀಕಿಗೆ ಬಂದೆ” ಅಂತ ಹೇಳಲಿ. ಚೀಟಿಯಲ್ಲಿ ಅದನ್ನು ಬರೆದುಕೊಂಡರಾ ಅಂತಲೂ ಒಮ್ಮೆ ಬಗ್ಗಿ ನೋಡಲಿ.